ಅದೇ 120 ಆಂಪ್ಸ್, ಆದರೂ ಬಿಟ್ಟುಕೊಂಡ ಬೆಸುಗೆ

ಕಬ್ಬಿನ ಲೋಡು ಹೊತ್ತ ಟ್ರಾಲಿ ರಸ್ತೆ ಪಕ್ಕದಲ್ಲಿ ನಿಂತಿತ್ತು. ಟ್ರ್ಯಾಕ್ಟರ್‌ಗೆ ಸಿಕ್ಕಿಸುವ ಮುಂಭಾಗದ ಚಾನಲ್‌ಗೆ ಬೆಸೆದಿದ್ದ ಪ್ಲೇಟ್ ಒಂದು ಬದಿ ಬಾಯಿ ಬಿಟ್ಟಿತ್ತು. "ಟಕ್ ಅಂತ ಸದ್ದಾಯ್ತು, ನಿಲ್ಲಿಸಿಬಿಟ್ಟೆ" ಅಂದರು ಡ್ರೈವರ್. ಅವರು ಆ ಸದ್ದಿಗೆ ಕಿವಿ ಕೊಟ್ಟಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆ ಜಾಗ ಇಳಿಜಾರಾಗಿದ್ದರೆ, ಹಿಂದೆ ಯಾರಾದರೂ ಬೈಕಿನಲ್ಲಿ ಬರುತ್ತಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆ ಪ್ಲೇಟ್ ಬೆಸೆದು ನಾಲ್ಕು ದಿನ ಆಗಿತ್ತು ಅಷ್ಟೆ. ಬೆಸೆದದ್ದು ಮಂಡ್ಯ ಹತ್ತಿರದ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ. ಬೆಸೆದವರು ಇಪ್ಪತ್ತು ವರ್ಷಕ್ಕೂ ಜಾಸ್ತಿ ಅನುಭವ ಇರುವವರು. ನಾನು ವೆಲ್ಡಿಂಗ್ ಕಲಿಸುವವನು. ವರ್ಕ್‌ಶಾಪ್ ಮಾಲೀಕರು ನನಗೆ ಹಳೆಯ ಪರಿಚಯ. ಫೋನ್ ಮಾಡಿ, "ಮೇಷ್ಟ್ರೇ, ಒಂದ್ಸಲ ಬಂದು ನೋಡಿ. ಮಷೀನ್ ತಪ್ಪೋ, ಕೈ ತಪ್ಪೋ ಗೊತ್ತಾಗ್ತಿಲ್ಲ" ಅಂದರು. ಅಲ್ಲಿ ನಾನು ಕಂಡದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಇಂಥದೇ ಮೂರು ಕೆಲಸದ ಮಷೀನ್ ಈಗ ಊರೂರಿನ ವರ್ಕ್‌ಶಾಪ್‌ಗಳಿಗೆ ಬರುತ್ತಿದೆ. ಇಲ್ಲಿ ಆದ ತಪ್ಪು ಎಲ್ಲಿ ಬೇಕಾದರೂ ಆಗಬಹುದು.

ಮೊದಲು ಮಷೀನ್ ವಿಷಯ. ಆ ವರ್ಕ್‌ಶಾಪ್‌ನಲ್ಲಿ ಮೊದಲು ಇದ್ದದ್ದು ಎಣ್ಣೆ ತುಂಬಿದ ಹಳೆಯ ಟ್ರಾನ್ಸ್‌ಫಾರ್ಮರ್ ಮಷೀನ್. ಎಸಿ ಕರೆಂಟು, ಒಂದೇ ಹ್ಯಾಂಡಲ್. ತಿರುಗಿಸಿದರೆ ಆಂಪ್ಸ್ ಏರುತ್ತದೆ, ಇಳಿಯುತ್ತದೆ. 10 ಗೇಜ್ ರಾಡ್ ಹಾಕಿದರೆ ಇಷ್ಟಕ್ಕೆ ತಿರುಗಿಸಬೇಕು ಅನ್ನುವುದು ಆ ಹಿರಿಯರ ಕೈಗೇ ಗೊತ್ತಿತ್ತು. ಎಸಿಯಲ್ಲಿ ಪ್ಲಸ್, ಮೈನಸ್ ಅನ್ನುವ ಮಾತೇ ಬರುವುದಿಲ್ಲ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಅದು ತಾನೇ ಅದಲುಬದಲಾಗುತ್ತಿರುತ್ತದೆ. ರಾಡ್ ಹಿಡಿಯುವ ಹೋಲ್ಡರ್ ಯಾವ ಕಡೆ, ಬೆಸೆಯುವ ಕಬ್ಬಿಣಕ್ಕೆ ಕಚ್ಚಿಸುವ ಅರ್ಥಿಂಗ್ ಯಾವ ಕಡೆ ಸಿಕ್ಕಿಸಿದರೂ ಒಂದೇ. ಇಪ್ಪತ್ತು ವರ್ಷ ಆ ಪ್ರಶ್ನೆ ಅವರ ಮುಂದೆ ಬಂದೇ ಇರಲಿಲ್ಲ.

ಹೊಸದಾಗಿ ಬಂದದ್ದು ಸಿಂಗಲ್ ಫೇಸ್‌ನ 200 ಆಂಪ್ಸ್ ಇನ್ವರ್ಟರ್ ವೆಲ್ಡಿಂಗ್ ಮಷೀನ್. ರಾಡ್ ವೆಲ್ಡಿಂಗ್, ಆರ್ಗಾನ್ ವೆಲ್ಡಿಂಗ್ ಅಂದರೆ ಟಿಗ್ (ಕರಗದ ಟಂಗ್‌ಸ್ಟನ್ ಕಡ್ಡಿಯಿಂದ ಬೆಸೆಯುವುದು), ಸಿಓಟೂ ವೆಲ್ಡಿಂಗ್ ಅಂದರೆ ಮಿಗ್ (ಸುರುಳಿಯಿಂದ ತಂತಿ ತಾನಾಗಿ ಬಂದು ಕರಗುವುದು), ಮೂರೂ ಒಂದೇ ಡಬ್ಬದಲ್ಲಿ. ಎಲ್ಲವೂ ಡಿಸಿ. ಮುಂದುಗಡೆ ಎರಡು ಸಾಕೆಟ್, ಒಂದು ಪ್ಲಸ್, ಒಂದು ಮೈನಸ್. ಮಿಗ್ ಟಾರ್ಚ್‌ನ ಜಾಗದಿಂದ ಒಂದು ಮೋಟು ಕೇಬಲ್ ಹೊರಗೆ ಬರುತ್ತದೆ. ಅದನ್ನು ಯಾವ ಸಾಕೆಟ್‌ಗೆ ಸಿಕ್ಕಿಸುತ್ತೇವೋ ತಂತಿಗೆ ಆ ಕಡೆಯ ಕರೆಂಟು. ಮೋಡ್ ಬದಲಿಸುವ ಗುಂಡಿ ತಿರುಗಿಸಿದರೆ ಒಳಗಿನದೆಲ್ಲ ಬದಲಾಗುತ್ತದೆ, ಆದರೆ ಈ ಕೇಬಲ್‌ಗಳು ತಾವಾಗಿ ಜಾಗ ಬದಲಿಸುವುದಿಲ್ಲ. ನಾವೇ ಕೈಯಾರೆ ಬದಲಿಸಬೇಕು.

ಒಡೆದ ಜಾಗ ಏನು ಹೇಳಿತು

ಪ್ಲೇಟ್ 8 ಎಂಎಂ ದಪ್ಪದ್ದು. ಹೊರಗಿಂದ ನೋಡಿದರೆ ಬೆಸುಗೆ ಕೆಟ್ಟದಾಗಿ ಕಾಣುತ್ತಿರಲಿಲ್ಲ. ಗ್ರೈಂಡರ್ ಆಡಿಸಿ ಬಣ್ಣ ಹೊಡೆದಿದ್ದರು. ಉಳಿದ ಅರ್ಧವನ್ನೂ ಸುತ್ತಿಗೆಯಿಂದ ಎಬ್ಬಿಸಿ, ಕೆಳಗಿನ ಚಾನಲ್ ಮೇಲೆ ಟಾರ್ಚ್ ಲೈಟ್ ಬಿಟ್ಟು ನೋಡಿದೆ. ಬೆಸೆಯುವ ಮೊದಲು ಗ್ರೈಂಡರ್‌ನಲ್ಲಿ ಉಜ್ಜಿದ ಗೀರುಗಳು ಬೆಸುಗೆಯ ಅಡಿಯಲ್ಲಿ ಹಾಗೇ ಉಳಿದಿದ್ದವು! ಗೋಡೆಗೆ ತಟ್ಟಿದ ಬೆರಣಿ ಒಣಗಿದ ಮೇಲೆ ಇಡಿಯಾಗಿ ಎದ್ದು ಬರುತ್ತದಲ್ಲ, ಹಾಗೆ ಬೆಸುಗೆ ಎದ್ದು ಬಂದಿತ್ತು. ಕಬ್ಬಿಣ ಕರಗಿ ಕಬ್ಬಿಣದೊಳಗೆ ಸೇರಿರಲಿಲ್ಲ, ಮೇಲೆ ಕೂತಿತ್ತು ಅಷ್ಟೆ.

ಇದನ್ನು ನೋಡಿದ ಮೇಲೆ ತಂತಿ ಕೆಟ್ಟದ್ದು, ಪ್ಲೇಟ್ ಕೆಟ್ಟದ್ದು ಅನ್ನುವ ಅನುಮಾನಗಳನ್ನು ನಾನು ಪಕ್ಕಕ್ಕಿಟ್ಟೆ. ಬೆಸುಗೆಯೇ ಬಿರುಕು ಬಿಟ್ಟಿದ್ದರೆ ಆ ಕಥೆ ಬೇರೆ. ಇಲ್ಲಿ ಬೆಸುಗೆ ಕಚ್ಚಿಯೇ ಇರಲಿಲ್ಲ. ಅಂದರೆ ಪ್ಲೇಟ್‌ಗೆ ಶಾಖ ಸಾಲದೆ ಹೋಗಿದೆ. ಯಾಕೆ ಸಾಲಲಿಲ್ಲ?

ಹಿರಿಯರನ್ನು ಕೂರಿಸಿಕೊಂಡು ಕೇಳಿದೆ. "ಅಣ್ಣ, ಆ ದಿನ ಏನೇನು ಮಾಡಿದ್ರಿ, ಮೊದಲಿಂದ ಹೇಳಿ." ಅವರು ಏನೂ ಮುಚ್ಚಿಡಲಿಲ್ಲ. ಬೆಳಗ್ಗೆ ಸ್ಟೀಲ್ ರೇಲಿಂಗ್ ಕೆಲಸ ಇತ್ತು, ಆರ್ಗಾನ್‌ನಲ್ಲಿ ಮಾಡಿದರು. ಸಂಜೆ ಟ್ರಾಲಿ ಬಂತು. ರಾತ್ರಿಯೇ ಲೋಡಿಗೆ ಹೋಗಬೇಕು ಅಂತ ಅವಸರ. ಗುಂಡಿಯನ್ನು ಮಿಗ್‌ಗೆ ತಿರುಗಿಸಿ, 0.8 ಎಂಎಂ ತಂತಿಯಲ್ಲಿ, ಡಿಸ್‌ಪ್ಲೇಯಲ್ಲಿ 120 ಇಟ್ಟು ಹೊಡೆದರು.

"120 ಯಾಕಣ್ಣ?"

"10 ಗೇಜ್ ರಾಡಿಗೆ ಯಾವಾಗ್ಲೂ ಅಷ್ಟೇ ಅಲ್ವಾ ಮೇಷ್ಟ್ರೇ? ಎಂಟು ಎಂಎಂ ಪ್ಲೇಟ್ 120ಕ್ಕೆ ಚೆನ್ನಾಗಿ ಕಚ್ಚುತ್ತೆ. ಅದೇ ಇಟ್ಟೆ."

"ಕೇಬಲ್?"

"ಬೆಳಗ್ಗೆ ಆರ್ಗಾನ್‌ಗೆ ಹೆಂಗಿತ್ತೋ ಹಂಗೇ. ಟಾರ್ಚ್ ಮೈನಸ್‌ಗೆ ಇದ್ರೆ ಆಳಕ್ಕೆ ಇಳಿಯುತ್ತೆ ಅಂತ ನೀವೇ ಹೇಳಿದ್ರಲ್ಲ. ಅದಕ್ಕೆ ತಂತೀನೂ ಮೈನಸ್‌ಗೇ ಕೊಟ್ಟೆ."

ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಹೌದು, ಹೇಳಿದ್ದೆ. ಟಿಗ್ ಕಲಿಸುವಾಗ ಹೇಳಿದ್ದೆ. ಮಿಗ್‌ಗೆ ಅದು ತಿರುಗುಮುರುಗು ಅಂತ ಅದೇ ಉಸಿರಿನಲ್ಲಿ ಹೇಳಬೇಕಿತ್ತು, ಹೇಳಿರಲಿಲ್ಲ. ಅವರು ಮರೆತು ತಪ್ಪು ಮಾಡಿದ್ದಲ್ಲ. ಒಂದು ಮೋಡ್‌ನಲ್ಲಿ ಸರಿ ಇರುವ ಎರಡು ವಿಷಯಗಳನ್ನು ಯೋಚನೆ ಮಾಡಿಯೇ ಇನ್ನೊಂದು ಮೋಡ್‌ಗೆ ತಂದಿದ್ದರು. ರಾಡಿನಿಂದ 120, ಟಿಗ್‌ನಿಂದ ಮೈನಸ್. ಎರಡೂ ಸೇರಿ ಮಿಗ್‌ನಲ್ಲಿ ಕೆಲಸ ಕೆಡಿಸಿದವು.

ಮೈನಸ್ ಯಾಕೆ ಕೈಕೊಟ್ಟಿತು

ಇದನ್ನು ಬಿಡಿಸಿ ಹೇಳಬೇಕು. ಯಾಕಂದರೆ ಕೇಳಿದವರಿಗೆಲ್ಲ ಇಲ್ಲಿಯೇ ಗೊಂದಲ.

ಡಿಸಿ ಆರ್ಕ್‌ನಲ್ಲಿ, ಅಂದರೆ ತುದಿಗೂ ಪ್ಲೇಟ್‌ಗೂ ನಡುವೆ ಉರಿಯುವ ಕರೆಂಟಿನ ಜ್ವಾಲೆಯಲ್ಲಿ, ಎಲೆಕ್ಟ್ರಾನ್‌ಗಳು ಯಾವಾಗಲೂ ಮೈನಸ್ ಕಡೆಯಿಂದ ಪ್ಲಸ್ ಕಡೆಗೆ ಹಾರುತ್ತವೆ. ಟಿಗ್‌ನಲ್ಲಿ ಮೈನಸ್ ಕಡೆ ಇರುವುದು ಟಂಗ್‌ಸ್ಟನ್. ಅದು ಕರಗಬೇಕಾದರೆ 3,400 ಡಿಗ್ರಿ ದಾಟಬೇಕು. ಹಾಗಾಗಿ ಕರಗದೆ ಬೆಳ್ಳಗೆ ಕಾಯುತ್ತದೆ, ಕಾದಾಗ ಎಲೆಕ್ಟ್ರಾನ್‌ಗಳನ್ನು ಸಲೀಸಾಗಿ ಬಿಡುತ್ತದೆ. ಅವು ಹೋಗಿ ಬಡಿಯುವುದು ಜಾಬ್‌ಗೆ, ಅಂದರೆ ಬೆಸೆಯುವ ಕಬ್ಬಿಣಕ್ಕೆ. ಹೆಚ್ಚಿನ ಶಾಖ, ಸುಮಾರು ಮೂರರಲ್ಲಿ ಎರಡು ಪಾಲು, ಅಲ್ಲೇ ಹುಟ್ಟುತ್ತದೆ. ಟಾರ್ಚನ್ನು ಪ್ಲಸ್‌ಗೆ ಸಿಕ್ಕಿಸಿದರೆ ಆ ಪಾಲು ಟಂಗ್‌ಸ್ಟನ್ನಿಗೆ ಬರುತ್ತದೆ, ಚೂಪು ತುದಿ ನೋಡನೋಡುತ್ತಲೇ ಗುಂಡಗಾಗಿ ಜಾಬ್‌ನೊಳಗೆ ಬೀಳುತ್ತದೆ. ಆದ್ದರಿಂದ ಕಬ್ಬಿಣಕ್ಕೆ, ಸ್ಟೀಲಿಗೆ ಟಿಗ್ ಅಂದರೆ ಟಾರ್ಚ್ ಮೈನಸ್. ಅಲ್ಯೂಮಿನಿಯಂಗೆ ಮಾತ್ರ ಎಸಿ ಬೇಕು, ಆ ಸೌಲಭ್ಯ ಈ ಮಷೀನ್‌ನಲ್ಲಿ ಇಲ್ಲ.

ಮಿಗ್ ತಂತಿ ಟಂಗ್‌ಸ್ಟನ್ನಿನ ಹಾಗಲ್ಲ. ಅದು ಕಬ್ಬಿಣ. ಎಲೆಕ್ಟ್ರಾನ್ ಸಲೀಸಾಗಿ ಬಿಡುವಷ್ಟು ಕಾಯುವ ಮೊದಲೇ ಕರಗಿಬಿಡುತ್ತದೆ. ಅದನ್ನು ಮೈನಸ್‌ಗೆ ಸಿಕ್ಕಿಸಿದರೆ ಆರ್ಕ್ ತಂತಿಯ ತುದಿಯಲ್ಲಿ ನಿಲ್ಲುವುದಿಲ್ಲ. ಅಲೆದಾಡುತ್ತಾ ಮೇಲಕ್ಕೆ ಏರುತ್ತದೆ. ಶಾಖ ತಂತಿ ಕರಗಿಸುವುದಕ್ಕೇ ಖರ್ಚಾಗುತ್ತದೆ. ತಂತಿ ಬೇಗ ಬೇಗ ಕರಗಿ ದೊಡ್ಡ ದೊಡ್ಡ ಹನಿಯಾಗಿ ಬೀಳುತ್ತದೆ, ಕಿಡಿ ಸಿಕ್ಕಾಪಟ್ಟೆ ಸಿಡಿಯುತ್ತದೆ, ಬೀಡ್, ಅಂದರೆ ಬೆಸುಗೆಯ ಸಾಲು, ಗುಡ್ಡದ ಹಾಗೆ ಉಬ್ಬಿ ನಿಲ್ಲುತ್ತದೆ. ಪ್ಲೇಟ್ ಮಾತ್ರ ತಣ್ಣಗೆ. ಗ್ಯಾಸ್ ಬಳಸುವ ಗಟ್ಟಿ ತಂತಿಗೆ ಪ್ಲಸ್ಸೇ ಆಗಬೇಕು. ಗ್ಯಾಸ್ ಬೇಡದ, ಒಳಗೆ ಫ್ಲಕ್ಸ್ (ಬೆಸುಗೆಯನ್ನು ಗಾಳಿಯಿಂದ ಕಾಯುವ ಪುಡಿ) ಇರುವ ತಂತಿಗಳು ಸಾಮಾನ್ಯವಾಗಿ ಮೈನಸ್‌ಗೆ ಮಾಡಿದವು. ಹಾಗಾಗಿ ಸುರುಳಿಯ ಡಬ್ಬದ ಮೇಲೆ ಏನು ಬರೆದಿದೆ ಅಂತ ಓದದೆ ಕೈ ಹಾಕಬಾರದು.

"ಆ ದಿನ ಕಿಡಿ ಜಾಸ್ತಿ ಹಾರ್ತಿತ್ತಾ ಅಣ್ಣ?" ಅಂತ ಕೇಳಿದೆ. "ಹೂಂ, ಪಟಪಟ ಅಂತಿತ್ತು. ಗ್ಯಾಸ್ ಕಡಿಮೆ ಇರಬೇಕು ಅಂದ್ಕೊಂಡು ಗ್ಯಾಸ್ ಏರಿಸಿದೆ, ಆಮೇಲೆ ವೋಲ್ಟೇಜ್ ಏರಿಸಿದೆ" ಅಂದರು. ಮಷೀನ್ ಕೂಗಿ ಹೇಳುತ್ತಿತ್ತು. ಆ ಸದ್ದಿಗೆ ಏನು ಅರ್ಥ ಅಂತ ಅವರಿಗೆ ಯಾರೂ ಕಲಿಸಿರಲಿಲ್ಲ. ಸರಿಯಾದ ಸೆಟ್ಟಿಂಗ್‌ನಲ್ಲಿ ಸಣ್ಣ ತಂತಿಯ ಮಿಗ್ ಸದ್ದು ಒಗ್ಗರಣೆಗೆ ಬಿದ್ದ ಸಾಸಿವೆ ಹಾಗೆ, ಒಂದೇ ಸಮನೆ ಚಟಚಟ ಅನ್ನುತ್ತದೆ. ಬಿಟ್ಟು ಬಿಟ್ಟು ಪಟ್, ಪಟ್ ಅಂದರೆ ನಿಲ್ಲಿಸಿ ಕೇಬಲ್ ನೋಡಬೇಕು.

ನಾಲ್ಕು ತುಂಡುಗಳು

ಮಾತಿನಲ್ಲಿ ಹೇಳಿದರೆ ಸಾಲದು ಅನ್ನಿಸಿತು. ಅದೇ 8 ಎಂಎಂ ಪ್ಲೇಟ್ ಕತ್ತರಿಸಿ ಒಂದರ ಮೇಲೊಂದು ನಿಲ್ಲಿಸಿ ನಾಲ್ಕು ಟೀ ಜಾಯಿಂಟ್ ಮಾಡಿಸಿದೆ. ಎಲ್ಲವನ್ನೂ ಬೆಸೆದದ್ದು ಅದೇ ಹಿರಿಯರು. ಒಂದೇ ಬದಿ ಬೆಸೆದು, ವೈಸ್‌ಗೆ ಕಚ್ಚಿಸಿ, ಬೆಸುಗೆ ಇಲ್ಲದ ಬದಿ ತೆರೆದುಕೊಳ್ಳುವ ಹಾಗೆ ಸುತ್ತಿಗೆಯಿಂದ ಮಡಚುವುದು. ಇದಕ್ಕೆ ಲ್ಯಾಬ್ ಬೇಡ, ಹತ್ತು ನಿಮಿಷ ಸಾಕು.

ಮೊದಲನೆಯದು ಆ ದಿನದ ಹಾಗೇ, ತಂತಿ ಮೈನಸ್, 120. ಎರಡನೇ ಏಟಿಗೆ ಬೆರಣಿ ಎದ್ದ ಹಾಗೆ ಎದ್ದಿತು. ಎರಡನೆಯದು ತಂತಿ ಪ್ಲಸ್, ಮತ್ತೆ 120. ಸದ್ದು ಬದಲಾಯಿತು, ಕಿಡಿ ಇಳಿಯಿತು, ಬೀಡ್ ಅಂದವಾಗಿ ಬಂತು. ಮಾಲೀಕರು, "ಸರಿಹೋಯ್ತಲ್ಲ!" ಅಂದೇಬಿಟ್ಟರು. ಮಡಚಿದೆವು. ಏಳೆಂಟು ಏಟು ತಡೆಯಿತು, ಆಮೇಲೆ ಒಡೆಯಿತು. ಒಳಗೆ ನೋಡಿದರೆ ಮೂಲೆಯ ಉದ್ದಕ್ಕೂ ಒಂದು ಪಟ್ಟಿ ಕರಗದೆ ಉಳಿದಿತ್ತು.

ಈ ಎರಡನೇ ತುಂಡೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಪ್ಲಸ್ ಮೈನಸ್ ಸರಿಮಾಡಿ ಅಲ್ಲಿಗೆ ಕೈ ತೊಳೆದುಕೊಂಡಿದ್ದರೆ ನಾವು ಇನ್ನೊಂದು ಟ್ರಾಲಿಯನ್ನು ರಸ್ತೆಗೆ ಬಿಡುತ್ತಿದ್ದೆವು. ಈ ಸಲ ನೋಡೋಕೆ ಇನ್ನೂ ಚೆನ್ನಾಗಿರುವ ಬೆಸುಗೆಯ ಜೊತೆ.

ಮೂರನೆಯದು ತಂತಿ ಪ್ಲಸ್, 180 ಆಂಪ್ಸ್, 23 ವೋಲ್ಟ್. ಇದು ತಡೆಯಿತು. ಆದರೆ ಶುರುವಾದ ಜಾಗದಲ್ಲಿ ಒಂದಿಷ್ಟು ಉದ್ದ ಸರಿಯಾಗಿ ಕರಗದೆ ತಣ್ಣಗೇ ಉಳಿದಿತ್ತು. ನಾಲ್ಕನೆಯದು 3.15 ಎಂಎಂನ 7018 ಅನ್ನುವ ನಮೂನೆಯ ರಾಡ್, ಹೋಲ್ಡರ್ ಪ್ಲಸ್, 120 ಆಂಪ್ಸ್. ಅಂಗಡಿಯಲ್ಲಿ 10 ಗೇಜ್ ಅಂತ ಕೇಳಿದರೆ ಕೊಡುವ ಅಳತೆ ಇದೇ. ಪ್ಲೇಟ್ ಪೂರ್ತಿ ಮಡಚಿಕೊಂಡಿತು, ಬೆಸುಗೆ ಬಿಡಲೇ ಇಲ್ಲ.

ಹಿರಿಯರು ನಾಲ್ಕನೇ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಇದೂ 120, ಅದೂ 120. ಯಾಕೆ ಮೇಷ್ಟ್ರೇ?"

120 ಮೂರು ಕಡೆ ಮೂರು ಅರ್ಥ

ರಾಡ್ ಮತ್ತು ಟಿಗ್ ಮೋಡ್‌ನಲ್ಲಿ ಮಷೀನ್ ಆಂಪ್ಸ್ ಅನ್ನು ಹಿಡಿದಿಡುತ್ತದೆ. ಕೈ ಮೇಲೆ ಕೆಳಗೆ ಆದರೆ ವೋಲ್ಟೇಜ್ ಏರಿಳಿಯುತ್ತದೆ, ಆಂಪ್ಸ್ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. 120 ಇಟ್ಟರೆ 120 ಸಿಗುತ್ತದೆ. ಮಿಗ್‌ನಲ್ಲಿ ಹಿಡಿದಿಡುವುದು ವೋಲ್ಟೇಜನ್ನು. ಅಲ್ಲಿ ಆಂಪ್ಸ್ ಎಷ್ಟು ಬರುತ್ತದೆ ಅನ್ನುವುದು ತಂತಿ ಎಷ್ಟು ಜೋರಾಗಿ ಬರುತ್ತದೆ, ಟಾರ್ಚ್‌ನಿಂದ ಎಷ್ಟು ಉದ್ದ ಹೊರಗಿದೆ ಅನ್ನುವುದರ ಮೇಲೆ. ಈ ಮಷೀನ್‌ನ ಮಿಗ್ ಡಿಸ್‌ಪ್ಲೇಯಲ್ಲಿ ಕಾಣುವ 120 ನಿಜವಾಗಿ ತಂತಿಯ ವೇಗಕ್ಕೆ ಕೊಟ್ಟ ಆರ್ಡರ್. 0.8 ಎಂಎಂ ತಂತಿಗೆ 100 ಆಂಪ್ಸ್ ಅಂದರೆ ಹೆಚ್ಚುಕಡಿಮೆ ನಿಮಿಷಕ್ಕೆ 5 ಮೀಟರ್ ತಂತಿ. ಟ್ರಾಲಿಯ ಆ ಮೂಲೆಗೆ ಟಾರ್ಚ್ ಪೂರ್ತಿ ಹೋಗುತ್ತಿರಲಿಲ್ಲ. ಅದೇ ಕೋನದಲ್ಲಿ ಹಿಡಿದು ನೋಡಿದರೆ ತಂತಿ 20 ಎಂಎಂಗೂ ಉದ್ದ ಹೊರಗೆ ನಿಲ್ಲುತ್ತಿತ್ತು. ಇರಬೇಕಾದ್ದು 10ರಿಂದ 15. ಡಿಸಿ ಓದುವ ಕ್ಲಾಂಪ್ ಮೀಟರ್ ಹಾಕಿದೆ. ಡಿಸ್‌ಪ್ಲೇಯಲ್ಲಿ 120 ಇಟ್ಟಾಗ ಕೇಬಲ್‌ನಲ್ಲಿ ಹರಿದದ್ದು 104.

ಇನ್ನು ಆರ್ಕ್ ವೋಲ್ಟೇಜ್. ಮಷೀನ್‌ಗಳನ್ನು ಅಳೆಯುವ ಐಇಸಿ 60974 ಮಾನದಂಡದಲ್ಲಿ ಇದಕ್ಕೆ ಸುಲಭದ ಲೆಕ್ಕ ಇದೆ. ರಾಡಿಗೆ 20ರ ಜೊತೆ ಆಂಪ್ಸ್‌ನ 0.04 ಪಾಲು, ಟಿಗ್‌ಗೆ 10ರ ಜೊತೆ 0.04 ಪಾಲು, ಮಿಗ್‌ಗೆ 14ರ ಜೊತೆ 0.05 ಪಾಲು. 120 ಹಾಕಿ ನೋಡಿ. ರಾಡಿಗೆ 24.8 ವೋಲ್ಟ್, ಟಿಗ್‌ಗೆ 14.8, ಮಿಗ್‌ಗೆ 20. ಅಂದರೆ ಅದೇ 120ಕ್ಕೆ ರಾಡ್ ಆರ್ಕ್ ಸುಮಾರು 2,976 ವ್ಯಾಟ್, ಮಿಗ್ 2,400, ಟಿಗ್ 1,776.

ಆದರೆ ದೊಡ್ಡ ವ್ಯತ್ಯಾಸ ಇರುವುದು ಕೈ ಓಡುವ ವೇಗದಲ್ಲಿ. ಮೊಬೈಲ್‌ನಲ್ಲಿ ಸಮಯ ನೋಡಿದೆವು. ಅಣ್ಣ 100 ಎಂಎಂ ಉದ್ದ ರಾಡಿನಲ್ಲಿ ಎಳೆಯಲು 37 ಸೆಕೆಂಡ್ ತೆಗೆದುಕೊಂಡರು. ಮಿಗ್‌ನಲ್ಲಿ 17 ಸೆಕೆಂಡ್. ವ್ಯಾಟ್‌ಗೆ ಸೆಕೆಂಡ್ ಗುಣಿಸಿ, ಆ 100 ಎಂಎಂನಿಂದ ಭಾಗಿಸಿದರೆ ಪ್ರತಿ ಎಂಎಂ ಬೆಸುಗೆಗೆ ಎಷ್ಟು ಶಾಖ ಹೋಯಿತು ಅಂತ ಸಿಗುತ್ತದೆ. ರಾಡಿನಲ್ಲಿ 1.1 ಕಿಲೋಜೂಲ್. ಮಿಗ್‌ನಲ್ಲಿ 0.4. ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ! 8 ಎಂಎಂ ಪ್ಲೇಟ್ ಶಾಖವನ್ನು ಸುತ್ತಲೂ ಎಳೆದುಕೊಳ್ಳುತ್ತದೆ. 0.4 ಅದಕ್ಕೆ ಎಲ್ಲಿ ಸಾಲುತ್ತದೆ?

"ಹಂಗಾದ್ರೆ ಮಿಗ್‌ನಲ್ಲೂ ನಿಧಾನ ಹೋದ್ರಾಯ್ತು" ಅಂದ ಅಲ್ಲಿದ್ದ ಹುಡುಗ. ಒಳ್ಳೆಯ ಪ್ರಶ್ನೆ. ಅವನ ಕೈಯಲ್ಲೇ ಮಾಡಿಸಿ ತೋರಿಸಿದೆ. ನಿಧಾನ ಹೋದರೆ ಕರಗಿದ ಕಬ್ಬಿಣ ಆರ್ಕ್‌ಗಿಂತ ಮುಂದೆ ಹರಿದು ಬರುತ್ತದೆ. ಆಮೇಲೆ ಆರ್ಕ್ ಸುಡುವುದು ಆ ಕಬ್ಬಿಣವನ್ನು, ಕೆಳಗಿನ ಪ್ಲೇಟನ್ನಲ್ಲ. ಬೀಡ್ ದಪ್ಪ ಆಗುತ್ತದೆ, ಕಚ್ಚುವುದಿಲ್ಲ. ಹೀಗೆ ಸಣ್ಣ ಆಂಪ್ಸ್‌ನಲ್ಲಿ ತಂತಿ ಪ್ಲೇಟ್‌ಗೆ ತಾಗಿ ತಾಗಿ ಹನಿ ಇಳಿಸುವ ಮಿಗ್ ತೆಳು ತಗಡಿಗೆ ಹೇಳಿ ಮಾಡಿಸಿದ್ದು. ಗೇಟಿನ 1.6 ಎಂಎಂ ಚೌಕ ಪೈಪಿಗೆ 70 ಆಂಪ್ಸ್, 17.5 ವೋಲ್ಟ್ ಇಟ್ಟರೆ ಎಷ್ಟು ಚೆಂದ ಬರುತ್ತದೆ! ರಾಡ್ ಹಿಡಿದರೆ ಅಲ್ಲಿ ತೂತು ಬೀಳುತ್ತದೆ. ತೆಳುವಿಗೆ ವರ ಆಗಿರುವ ಆ ತಣ್ಣನೆಯ ಗುಣವೇ ದಪ್ಪಕ್ಕೆ ಶಾಪ.

ಇನ್ನೂ ಎರಡು ಸಣ್ಣ ಕಾರಣಗಳು ಸೇರಿಕೊಂಡಿದ್ದವು. ಟ್ರಾಲಿ ಅಂಗಳದಲ್ಲಿ ನಿಂತಿತ್ತು, ಹಾಗಾಗಿ ಮಷೀನ್‌ಗೆ 30 ಮೀಟರ್ ಎಕ್ಸ್‌ಟೆನ್ಷನ್ ಎಳೆದಿದ್ದರು. ಅದು 1.5 ಚದರ ಎಂಎಂ ವೈರು. 18 ಆಂಪ್ಸ್ ಎಳೆದರೆ ಹೋಗಿ ಬರುವ ದಾರಿಯಲ್ಲೇ 13 ವೋಲ್ಟ್ ಕರಗಿಹೋಗುತ್ತದೆ. ಜೊತೆಗೆ ಸಂಜೆ ಗಾಳಿ. ಬಯಲಲ್ಲಿ ಸಿಓಟೂ ಗ್ಯಾಸ್ ಬೆಸುಗೆ ಮೇಲೆ ನಿಲ್ಲದೆ ಹಾರಿಹೋಗುತ್ತದೆ. ಒಡೆದ ಬೀಡ್‌ನಲ್ಲಿ ಅಲ್ಲಲ್ಲಿ ಸೂಜಿ ಚುಚ್ಚಿದ ಹಾಗೆ ತೂತುಗಳಿದ್ದವು.

ಸರಿಮಾಡಿದ್ದು ಹೀಗೆ

ಮಿಗ್‌ನಲ್ಲೇ 180 ಇಟ್ಟು ಮಾಡಬಹುದಿತ್ತಲ್ಲ ಅಂತ ಮಾಲೀಕರು ಕೇಳಿದರು. ಬೇಡ ಅಂದೆ. ಮಷೀನ್ ಹಿಂದಿನ ಪಟ್ಟಿಯಲ್ಲಿ 200 ಆಂಪ್ಸ್‌ಗೆ 40 ಪರ್ಸೆಂಟ್ ಅಂತ ಬರೆದಿದೆ. ಹತ್ತು ನಿಮಿಷದಲ್ಲಿ ನಾಲ್ಕು ನಿಮಿಷ ಮಾತ್ರ ಉರಿಸಬಹುದು ಅಂತ ಅರ್ಥ. 180ಕ್ಕೆ ಅದು ಐದು ನಿಮಿಷ ಆಗುತ್ತದೆ. ಬಿಡುವಿಲ್ಲದೆ ಓಡಿಸಬೇಕಾದರೆ 126 ದಾಟಬಾರದು. ಜೊತೆಗೆ ಶುರುವಿನ ಜಾಗದ ತಣ್ಣನೆ ಬೆಸುಗೆ ನಮ್ಮ ಕಣ್ಣೆದುರಿಗೇ ಇತ್ತು. ಜೀವ ನಿಂತಿರುವ ಜಾಯಿಂಟ್‌ಗೆ ಅಂಥ ಅನುಮಾನ ಇಟ್ಟುಕೊಳ್ಳಬಾರದು.

ಹಳೇ ಬೆಸುಗೆಯನ್ನು ಒಂದು ಚೂರೂ ಉಳಿಸದೆ ಗ್ರೈಂಡರ್‌ನಲ್ಲಿ ತೆಗೆದೆವು. ಪ್ಲೇಟ್ ಅಂಚನ್ನು ಓರೆ ಮಾಡಿದೆವು. ಬಣ್ಣ, ಗ್ರೀಸ್, ತುಕ್ಕು ಎಲ್ಲ ತೆಗೆದು ಬೆಳ್ಳಗಿನ ಕಬ್ಬಿಣ ಕಾಣುವವರೆಗೆ ಉಜ್ಜಿದೆವು. ಅರ್ಥಿಂಗ್ ಕ್ಲಾಂಪನ್ನು ಜಾಯಿಂಟ್ ಪಕ್ಕದಲ್ಲೇ ಹಾಕಿದೆವು. ಟ್ರಾಲಿಯನ್ನು ಒಳಗೆ ತಳ್ಳಿ ಎಕ್ಸ್‌ಟೆನ್ಷನ್ ತೆಗೆದೆವು.

7018 ರಾಡ್ ತೇವ ಕುಡಿಯುತ್ತದೆ. ತೇವ ಇದ್ದರೆ ಬೆಸುಗೆಯೊಳಗೆ ಹೈಡ್ರೋಜನ್ ಸೇರಿ ಬಿರುಕಿಗೆ ದಾರಿ. ತೆರೆದಿಟ್ಟ ರಾಡನ್ನು ಸುಮಾರು 300 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಬೇಕು. ಪಕ್ಕದ ಮೋಟಾರ್ ರೀವೈಂಡಿಂಗ್ ಅಂಗಡಿಯ ಓವನ್ ಅಷ್ಟು ಕಾಯುವುದಿಲ್ಲ. ಅದಕ್ಕೇ ಸೀಲ್ ಒಡೆಯದ ಹೊಸ ಪ್ಯಾಕ್ ತರಿಸಿದೆವು. ಒಡೆದ ಮೇಲೆ ರಾಡ್‌ಗಳನ್ನು ಆ ಓವನ್‌ನಲ್ಲೇ ಬೆಚ್ಚಗೆ ಇಟ್ಟು, ಮೂರು ನಾಲ್ಕರಂತೆ ತಂದು ಬಳಸಿದೆವು.

ಮಷೀನ್ ರಾಡ್ ಮೋಡ್‌ಗೆ, ಹೋಲ್ಡರ್ ಪ್ಲಸ್‌ಗೆ, 120 ಆಂಪ್ಸ್. ಹಾಟ್ ಸ್ಟಾರ್ಟ್ ಆನ್, ಶುರುವಿನಲ್ಲಿ ಒಂದು ಕ್ಷಣ ಆಂಪ್ಸ್ ಏರಿಸಿ ರಾಡ್ ಹತ್ತುವ ಹಾಗೆ ಮಾಡುತ್ತದೆ. ಆರ್ಕ್ ಫೋರ್ಸ್ ನಡುವಿನಲ್ಲಿ. 7018 ಅನ್ನು ಪ್ಲೇಟ್‌ಗೆ ತೀರಾ ಹತ್ತಿರ ಹಿಡಿಯಬೇಕಾಗುತ್ತದೆ, ಆಗ ರಾಡ್ ಅಂಟದ ಹಾಗೆ ನೋಡಿಕೊಳ್ಳುವುದು ಇದೇ. ಮೂರು ಸಾಲು ಬೀಡ್, ಪ್ರತಿ ಸಾಲಿಗೂ ಸ್ಲ್ಯಾಗ್ (ಬೆಸುಗೆ ಮೇಲೆ ಕೂರುವ ಗಟ್ಟಿ ಕಿಟ್ಟ) ಪೂರ್ತಿ ತೆಗೆದು ಬ್ರಷ್ ಹೊಡೆದು. ಮೂಲೆಯಲ್ಲಿ ನಿಲ್ಲಿಸದೆ ಸುತ್ತಿಸಿ ಮುಗಿಸಿದರು ಅಣ್ಣ. ಆ ಕೈ ನೋಡುವುದೇ ಒಂದು ಖುಷಿ. ತಣ್ಣಗಾದ ಮೇಲೆ ಕೆಂಪು ಡೈ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಹೊಡೆದು ನೋಡಿದೆವು. ಬಿರುಕಿದ್ದರೆ ಒಳಗೆ ಇಳಿದ ಡೈ ಕೆಂಪು ಗೆರೆಯಾಗಿ ಮೂಡುತ್ತದೆ. ಕೆಂಪು ಗೆರೆ ಎಲ್ಲೂ ಮೂಡಲಿಲ್ಲ. ಆಮೇಲಷ್ಟೇ ಬಣ್ಣ.

ಒಂದು ತಿಂಗಳ ನಂತರ ಟ್ರಾಲಿ ತರಿಸಿ, ಅದೇ ಜಾಗದ ಬಣ್ಣ ಕೆರೆದು ಮತ್ತೆ ಡೈ ಹಚ್ಚಿ ನೋಡಿದೆವು. ಏನೂ ಇರಲಿಲ್ಲ. ಆ ಹೊತ್ತಿಗೆ ಅದು ಎಷ್ಟೋ ಲೋಡು ಕಬ್ಬು ಎಳೆದಿತ್ತು.

ವರ್ಕ್‌ಶಾಪ್‌ನಲ್ಲಿ ಒಂದು ಅಭ್ಯಾಸ ಹೊಸದಾಗಿ ಬಂದಿದೆ. ಕೆಲಸ ಮುಗಿದ ಮೇಲೆ ಎರಡೂ ಕೇಬಲ್ ಕಳಚಿ ಮಷೀನ್ ಮೇಲೆ ಇಡುತ್ತಾರೆ. ಮುಂದಿನ ಕೆಲಸ ಮಾಡುವವರು ತಾವೇ ಯೋಚನೆ ಮಾಡಿ ಸಿಕ್ಕಿಸಬೇಕು. ಇದು ಹಿರಿಯರದೇ ಉಪಾಯ, ನಾನು ಹೇಳಿದ್ದಲ್ಲ. ನಾನು ಸ್ಟಿಕ್ಕರ್ ಅಂಟಿಸಿ ಅಂತ ಹೇಳಿದ್ದೆ. ಸ್ಟಿಕ್ಕರ್ ಹೊಗೆಗೆ ಕಪ್ಪಾಗುತ್ತದೆ, ಬಿಚ್ಚಿಟ್ಟ ಕೇಬಲ್ ಹಾಗಲ್ಲ ಅಂದರು ಅವರು. ನಾನೂ ಈಗ ಟಿಗ್ ಪಾಠದ ದಿನವೇ ಮಿಗ್ ಟಾರ್ಚನ್ನೂ ಪಕ್ಕದಲ್ಲಿಟ್ಟು, ಎರಡನ್ನೂ ಉಲ್ಟಾ ಸಿಕ್ಕಿಸಿ ಏನಾಗುತ್ತದೆ ಅಂತ ತೋರಿಸುತ್ತೇನೆ.

ಮಾಲೀಕರು 1.2 ಎಂಎಂ ತಂತಿ ಓಡಿಸುವ ತ್ರೀ ಫೇಸ್ ಮಷೀನ್ ತೆಗೆದುಕೊಳ್ಳುವ ಯೋಚನೆಯಲ್ಲಿದ್ದಾರೆ. ಅದು ಬರುವವರೆಗೆ ಟ್ರಾಲಿ ಕೆಲಸ ಎಲ್ಲ ರಾಡಿನಲ್ಲೇ ಅಂತ ನಿರ್ಧಾರ ಆಗಿದೆ.